ಸ್ಪಷ್ಟನೆ: ಬಿಲ್ ಮೆಕ್‌ಲಾರೆನ್ ಸ್ಕಾಟ್ಲೆಂಡ್ ಪರ ಆಡಿರಲಿಲ್ಲ

‘ರಗ್ಬಿ ವೀಕ್ಷಕ ವಿವರಣೆಗಾರ, ಸ್ಕಾಟ್ಲೆಂಡ್ ತಂಡದ ಮಾಜಿ ಆಟಗಾರ ಬಿಲ್ ಮೆಕ್‌ಲಾರೆನ್ ನಿನ್ನೆ ನಿಧನ’ ಎಂಬ ಸಂದೇಶ ದಾವಣಗೆರೆಯ ಕ್ರೀಡಾಪ್ರೇಮಿಗಳ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಶ್ರದ್ಧಾಂಜಲಿಯೂ ಶುರುವಾಗಿದೆ. ಅವರು ತೀರಿಕೊಂಡದ್ದು 2010ರ ಜನವರಿ 19ರಂದು, 86ನೇ ವಯಸ್ಸಿನಲ್ಲಿ.

ಇನ್ನೊಂದು ತಪ್ಪು ನನಗೆ ಹೆಚ್ಚು ನೋವು ತಂದಿತು. ಸ್ಕಾಟ್ಲೆಂಡ್ ಪರ ಅವರು ಒಂದು ಪಂದ್ಯವನ್ನೂ ಆಡಲಿಲ್ಲ. 1947ರಲ್ಲಿ ತಂಡದ ಆಯ್ಕೆ ಪಂದ್ಯದವರೆಗೂ ಬಂದಿದ್ದರು, ಅಷ್ಟರಲ್ಲಿ ಕ್ಷಯರೋಗ ಬಡಿಯಿತು. ಹತ್ತೊಂಬತ್ತು ತಿಂಗಳು ಆರೋಗ್ಯಧಾಮದಲ್ಲಿ ಮಲಗಿದರು. ಆಗಿನ್ನೂ ಹೊಸದಾಗಿದ್ದ ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ಜೀವ ಉಳಿಸಿತು. ಅಲ್ಲಿನ ರೇಡಿಯೊದಲ್ಲಿ ರೋಗಿಗಳ ಟೇಬಲ್ ಟೆನಿಸ್ ಆಟಕ್ಕೆ ವಿವರಣೆ ಕೊಟ್ಟದ್ದೇ ಅವರ ಮೊದಲ ಪಾಠ. ನಮ್ಮ ಹೈಸ್ಕೂಲ್ ಮೈದಾನದ ಟೂರ್ನಿಗಳಲ್ಲಿ ಮೈಕ್ ಹಿಡಿಯುವ ಹುಡುಗರು ಇದನ್ನು ತಿಳಿಯಲೇಬೇಕು.

ಸ್ಕಾಟ್ಲೆಂಡ್‌ನ ಹಾವಿಕ್ ಊರಿನಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರಾಗಿದ್ದುಕೊಂಡೇ 1953ರಿಂದ ಬಿಬಿಸಿಗೆ ವಿವರಣೆ ನೀಡಿದರು. 2002ರಲ್ಲಿ ಕಾರ್ಡಿಫ್‌ನಲ್ಲಿ ವೇಲ್ಸ್–ಸ್ಕಾಟ್ಲೆಂಡ್ ಪಂದ್ಯದ ಮೂಲಕ ವಿದಾಯ ಹೇಳಿದಾಗ ಎದುರು ತಂಡದ ಅಭಿಮಾನಿಗಳೇ ‘ಬಿಲ್ ಮೆಕ್‌ಲಾರೆನ್ ನಮ್ಮ ವೇಲ್ಸ್‌ನವರು’ ಎಂದು ಬ್ಯಾನರ್ ಹಿಡಿದರು. ಅದಕ್ಕೂ ಮುನ್ನ, 2001ರಲ್ಲೇ, ಅಂತರರಾಷ್ಟ್ರೀಯ ಪಂದ್ಯ ಆಡದಿದ್ದರೂ ರಗ್ಬಿಯ ಗಣ್ಯರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ್ದರು.

ಸಂದೇಶ ಕಳಿಸಿದವರು ದಯವಿಟ್ಟು ಅದನ್ನು ತಿದ್ದಿ ಮತ್ತೆ ಕಳಿಸಿ.