ಪಕ್ಕದ ಮನೆಯವರನ್ನೇ ಕೇಳಬಹುದಿತ್ತಲ್ಲ!

ನಿನ್ನೆ ಸಂಜೆ ನಮ್ಮ ಇಗರ್ಜಿಯ (ಚರ್ಚಿನ) ಸಭಾಂಗಣದಿಂದ ಬಂದವಳು ಊಟವನ್ನೂ ಮಾಡದೆ ಮಲಗಿದೆ. ಬೆಳಗ್ಗೆ ಎದ್ದರೂ ಸಿಟ್ಟು ಇಳಿದಿಲ್ಲ. ನನ್ನ ಸಿಟ್ಟಿನ ಪರಿಚಯವಿರುವವರು ಇಲ್ಲಿಗೇ ನಿಲ್ಲಿಸಬಹುದು. ಇಗರ್ಜಿಯಲ್ಲಿ ನಮ್ಮ ವಾರ್ಡಿನ ಮುಖಂಡರಾದ ಗುರ್ಕಾರರು ಮಾತ್ರ ದಯವಿಟ್ಟು ಕೊನೆಯವರೆಗೂ ಓದಬೇಕು.

ಕಾರ್ಯಕ್ರಮ ಇದ್ದದ್ದು ಇಸ್ಲಾಂ ಧರ್ಮವನ್ನು ಅರಿಯುವುದಕ್ಕಂತೆ. ಪ್ರಕಟಣೆ ಕೇಳಿದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು. ಮೊಣಕಾಲು ನೋವನ್ನೂ ಲೆಕ್ಕಿಸದೆ ಹೋಗಿ ಮುಂದಿನ ಸಾಲಿನಲ್ಲೇ ಕುಳಿತೆ. ಕೈಗೊಂದು ಕಿರುಹೊತ್ತಗೆ ಕೊಟ್ಟರು. ಮುಸ್ಲಿಮರು ಕೇಳುವ ಹತ್ತು ಪ್ರಶ್ನೆಗಳು, ಅವುಗಳಿಗೆ ನಾವು ಕೊಡಬೇಕಾದ ಉತ್ತರಗಳು. ಅರಿಯುವುದು ಎಂದರೆ ಇದು! ಎದುರಾಳಿಯ ಆಟವನ್ನು ಮೊದಲೇ ನೋಡಿಟ್ಟುಕೊಳ್ಳುವುದು. ಎರಡು ಗಂಟೆ ಭಾಷಣ, ಇನ್ನೂರು ಜನ ಕೇಳುಗರು, ಅವರಲ್ಲಿ ಮುಸ್ಲಿಮರು ಒಬ್ಬರೂ ಇಲ್ಲ. ನಮ್ಮ ಗೇಟಿನಿಂದ ಮಸೀದಿಗೆ ಏಳು ನಿಮಿಷದ ನಡಿಗೆ. ಸಭಾಂಗಣಕ್ಕೆ ಹೆಚ್ಚುವರಿ ಕುರ್ಚಿಗಳನ್ನು ಬಾಡಿಗೆಗೆ ತಂದುಕೊಟ್ಟದ್ದೂ ಒಬ್ಬ ಬ್ಯಾರಿ ಹುಡುಗ, ನಮ್ಮ ಕರಾವಳಿಯ ಮುಸ್ಲಿಮನೇ. ಕುರ್ಚಿ ಇಳಿಸಿ, ಲೆಕ್ಕ ಬರೆಸಿ ಹೋದ. 'ಸ್ವಲ್ಪ ಕುಳಿತುಕೋ ಮಾರಾಯ, ನಿನ್ನ ವಿಷಯವೇ ಮಾತನಾಡುತ್ತಿದ್ದೇವೆ' ಎಂದು ಅವನಿಗೆ ಯಾರೂ ಹೇಳಲಿಲ್ಲ.

ಭಾಷಣಕಾರರು ದೂರದಿಂದ ಬಂದವರು, ಕಂಠ ಚೆನ್ನಾಗಿದೆ. ಅಲ್ಲಾಹ್ ಎಂಬುದು ನಮ್ಮ ದೇವರಲ್ಲ, ಬೇರೆ ಯಾವುದೋ ದೇವರ ಹೆಸರು ಎಂದು ಮೂರು ಸಲ ಹೇಳಿದರು. ನಾನು ಹಿಂತಿರುಗಿ ನೋಡಿದೆ. ಅಲ್ಲಿದ್ದವರ ಅರ್ಧಕ್ಕರ್ಧ ಮನೆಗಳು ಎದ್ದು ನಿಂತಿರುವುದು ಕೊಲ್ಲಿಯ ದುಡ್ಡಿನಲ್ಲಿ. ನನ್ನ ಮನೆಯೂ ಹಾಗೆಯೇ. ನಮ್ಮ ಯಜಮಾನರು ದುಬೈನಲ್ಲಿ 14 ವರ್ಷ ದುಡಿದವರು. ಅಲ್ಲಿ ಪ್ರತಿ ಶುಕ್ರವಾರ ಅವರು ಬಲಿಪೂಜೆಗೆ ಹೋಗುತ್ತಿದ್ದದ್ದು ಸಂತ ಮೇರಿ ಇಗರ್ಜಿಗೆ. 1967ರಲ್ಲಿ ಆ ಇಗರ್ಜಿ ಆರಂಭವಾಗುವ ಮೊದಲು ಅದಕ್ಕೆ ನೆಲ ಕೊಟ್ಟವರು ಆಗ ದುಬೈ ಆಳುತ್ತಿದ್ದ ಶೇಖ್ ರಶೀದ್. ಅದೇ ಇಗರ್ಜಿಯ ಅರಬ್ಬಿ ಪೂಜೆಯಲ್ಲಿ ಲೆಬನಾನಿನವರೂ ಸಿರಿಯಾದವರೂ ದೇವರನ್ನು ಏನೆಂದು ಕರೆಯುತ್ತಾರೆ? ಅಲ್ಲಾಹ್ ಎಂದೇ. ಮಾಲ್ಟಾ ದ್ವೀಪದ ಕಥೋಲಿಕರೂ ತಮ್ಮ ಭಾಷೆಯಲ್ಲಿ ಅಲ್ಲಾ ಎಂದೇ ಪ್ರಾರ್ಥಿಸುತ್ತಾರೆ. ಇದನ್ನು ಕಣ್ಣಾರೆ ಕಂಡು, ಕಿವಿಯಾರೆ ಕೇಳಿದ ಹತ್ತಾರು ಗಂಡಸರು ನಿನ್ನೆ ಅಲ್ಲಿ ತಲೆಯಾಡಿಸುತ್ತ ಕುಳಿತಿದ್ದರು. ನಮ್ಮವರೂ ಸೇರಿ. (ಮನೆಗೆ ಬಂದ ಮೇಲೆ ಏನಾಯಿತು ಎಂಬುದು ನಿಮಗೆ ಬೇಡ.)

ಪ್ರಶ್ನೋತ್ತರದ ಹೊತ್ತಿನಲ್ಲಿ ನಾನು ಎದ್ದು ನಿಂತೆ. 1965ರ ಅಕ್ಟೋಬರ್ 28ರಂದು ವ್ಯಾಟಿಕನ್ ಮಹಾಸಭೆ ಹೊರಡಿಸಿದ 'ನೋಸ್ತ್ರಾ ಎತಾತೆ' ಎಂಬ ಘೋಷಣೆಯನ್ನು ಓದಿದ್ದೀರಾ ಎಂದು ಕೇಳಿದೆ. ಧರ್ಮಸಭೆ ಮುಸ್ಲಿಮರನ್ನು ಗೌರವದಿಂದ ಕಾಣುತ್ತದೆ, ಅವರು ಆರಾಧಿಸುವುದು ಒಬ್ಬನೇ ದೇವರನ್ನು, ಯೇಸುವನ್ನು ದೇವರೆಂದು ಒಪ್ಪದಿದ್ದರೂ ಪ್ರವಾದಿಯೆಂದು ಮನ್ನಿಸುತ್ತಾರೆ, ಯೇಸುವಿನ ತಾಯಿ ಮರಿಯಮ್ಮನನ್ನು ಗೌರವಿಸುತ್ತಾರೆ ಎಂದೆಲ್ಲ ಅದರಲ್ಲಿದೆ. ಇದನ್ನು ನಾನು ಹೊಲಿದದ್ದಲ್ಲ, ಜಗತ್ತಿನ ಬಿಷಪರೆಲ್ಲ ಕುಳಿತು ಒಪ್ಪಿದ್ದು. ಭಾಷಣಕಾರರು ನಕ್ಕು, 'ಟೀಚರ್, ಅದು ಬೇರೆ ಕಾಲ' ಎಂದರು.

ಹಿಂದಿನಿಂದ ಯಾರೋ ಕೂಗಿದರು: 'ಟೀಚರ್ 1784 ಮರೆತರೋ ಏನೋ!'

ಮರೆತಿಲ್ಲ ಸ್ವಾಮಿ. ಆ ವರ್ಷ ಟಿಪ್ಪುವಿನ ಆಳುಗಳು ನಮ್ಮವರನ್ನು, ಕರಾವಳಿಯ ಕಥೋಲಿಕರನ್ನು, ಸಾವಿರಗಟ್ಟಲೆ ಹಿಡಿದು, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಿದ ಕಥೆಯನ್ನು ನನಗೆ ಹೇಳಿದ್ದು ನನ್ನ ಅಜ್ಜಿ, ಅವರಿಗೆ ಅವರ ಅಜ್ಜಿ. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯನ್ನು ಕೆಡವಿದ್ದು, ದಾರಿಯಲ್ಲಿ ಸತ್ತವರು, 1799ರಲ್ಲಿ ಟಿಪ್ಪು ಸತ್ತ ಮೇಲೆ ಅಳಿದುಳಿದವರು ಊರಿಗೆ ಮರಳಿದ್ದು ಎಲ್ಲವೂ ನೆನಪಿದೆ. ಹಳೆಯದನ್ನು ಮರೆಯಿರಿ ಎಂದು ಆ ವ್ಯಾಟಿಕನ್ ಘೋಷಣೆಯೂ ಕೇಳಿಕೊಳ್ಳುತ್ತದೆ. ಆ ಒಂದು ಮಾತು ನನ್ನಿಂದ ಆಗದು. ಆದರೆ ಆ ಲೆಕ್ಕವನ್ನು ನಾನು ಪಕ್ಕದ ಮುಸ್ಲಿಂ ಮನೆಯ ಉಮ್ಮನ ಹತ್ತಿರ ಚುಕ್ತಾ ಮಾಡಿಸಿಕೊಳ್ಳಬೇಕೆ? ಹಾಗಾದರೆ 1560ರಲ್ಲಿ ಗೋವೆಯಲ್ಲಿ ಶುರುವಾಗಿ, ನಮ್ಮ ಧರ್ಮದ ಹೆಸರಿನಲ್ಲಿ ಜನರನ್ನು ಹಿಂಸಿಸಿದ ವಿಚಾರಣೆ, ಆ ಇನ್‌ಕ್ವಿಸಿಷನ್ನಿನ ಬಾಕಿಯನ್ನು ಎದುರುಮನೆಯ ಗೌಡ ಸಾರಸ್ವತ ಮಾಮ ನಾಳೆ ನನ್ನ ಜಗಲಿಗೆ ಬಂದು ಕೇಳಿದರೆ ಎಷ್ಟೆಂದು ಕೊಡಲಿ?

ಇನ್ನೊಬ್ಬರು ಧರ್ಮನಿಂದೆಯ ಆರೋಪ ಹೊತ್ತ ಪಾಕಿಸ್ತಾನದ ಕ್ರೈಸ್ತ ಹೆಂಗಸು ಆಸಿಯಾ ಬೀಬಿಯನ್ನು ಎಳೆದು ತಂದರು. ಆ ಹೆಣ್ಣುಮಗಳಿಗೆ 2010ರಲ್ಲಿ ಗಲ್ಲು ವಿಧಿಸಿದಾಗ ನಾನೂ ಜಪಸರ ಹಿಡಿದು ಕುಳಿತವಳು. ಅವಳ ಪರವಾಗಿ ಮಾತನಾಡಿದ್ದಕ್ಕೆ 2011ರಲ್ಲಿ ಪ್ರಾಣ ತೆತ್ತ ಗವರ್ನರ್ ಸಲ್ಮಾನ್ ತಾಸೀರ್ ಯಾರು? 2018ರಲ್ಲಿ ಅವಳನ್ನು ಬಿಡಿಸಿದ ವಕೀಲ ಯಾರು? ಇಬ್ಬರೂ ಮುಸ್ಲಿಮರು. ಕಥೆ ಹೇಳುವುದಾದರೆ ಪೂರ್ತಿ ಹೇಳಬೇಕು, ಇಲ್ಲವೇ ಬಾಯಿ ಮುಚ್ಚಿರಬೇಕು.

'ಎಲ್ಲ ಧರ್ಮವೂ ಒಂದೇ ಬಿಡಿ ಟೀಚರ್' ಎಂದು ನನ್ನ ಬೆನ್ನು ತಟ್ಟಲು ಬಂದವರ ಮೇಲೂ ನನಗೆ ಅಷ್ಟೇ ಕೋಪ. ಒಂದೇ ಅಲ್ಲ. ಕುರ್‌ಆನಿನ ನಾಲ್ಕನೆಯ ಅಧ್ಯಾಯ ಯೇಸುವನ್ನು ಶಿಲುಬೆಗೇರಿಸಲಿಲ್ಲ ಎನ್ನುತ್ತದೆ. ನನಗೆ ಶಿಲುಬೆಯಿಲ್ಲದೆ ಧರ್ಮವೇ ಇಲ್ಲ. ಇಷ್ಟು ದೊಡ್ಡ ಭೇದವನ್ನು ಚಹಾದಲ್ಲಿ ಸಕ್ಕರೆಯಂತೆ ಕರಗಿಸಿಬಿಡುವುದು ಅವರಿಗೂ ಅವಮಾನ, ನಮಗೂ ಅವಮಾನ. ಭೇದ ಏನೆಂದು ಅವರ ಬಾಯಿಂದಲೇ ಕೇಳಬಹುದಿತ್ತಲ್ಲ ಎಂಬುದಷ್ಟೇ ನನ್ನ ಗೋಳು.

ಈಗ ಒಂದು ತಪ್ಪೊಪ್ಪಿಗೆ. ಉಮ್ಮನ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ಪಾಗಾರ, ಕಾಂಪೌಂಡ್ ಗೋಡೆ. ಹನ್ನೊಂದು ವರ್ಷ ಪ್ರತಿ ಕ್ರಿಸ್ಮಸ್ಸಿಗೂ ಕುಸ್ವಾರಿನ (ಹಬ್ಬದ ತಿಂಡಿಗಳ) ತಟ್ಟೆಯನ್ನು ಆ ಪಾಗಾರದ ಮೇಲಿನಿಂದ ದಾಟಿಸಿದ್ದೇನೆ. ನೆವ್ರಿ, ಕಲ್‌ಕಲ್, ನಡುವೆ ದೊಡ್ಡ ತುಂಡು ಕೇಕ್. ತಟ್ಟೆ ಒಮ್ಮೆಯೂ ಬರಿದಾಗಿ ವಾಪಸು ಬಂದದ್ದಿಲ್ಲ. ಒಂದು ದಿನ ಅವರ ಮೊಮ್ಮಗಳು ಆಟವಾಡುತ್ತ, 'ಟೀಚರ್, ನಿಮ್ಮ ಕೇಕನ್ನು ಅಜ್ಜಿ ಕೆಲಸದವಳಿಗೆ ಕೊಡುತ್ತಾರೆ' ಎಂದಳು. ಮೂರು ದಿನ ನಾನು ಉಮ್ಮನ ಜೊತೆ ಮಾತು ಬಿಟ್ಟೆ. ನನ್ನ ಕೇಕು! ನಾಲ್ಕನೆಯ ದಿನ ಹೊಳೆಯಿತು: ಅದರ ಒಣದ್ರಾಕ್ಷಿ ಅಕ್ಟೋಬರಿನಿಂದ ರಮ್ಮಿನಲ್ಲಿ ನೆನೆಯುತ್ತಿತ್ತು. ಎಲ್ಲ ಗೊತ್ತಿದ್ದವಳು ನಾನು. ಹಂದಿಮಾಂಸ ಮಾಡಿದ ದಿನ ಆ ಕಡೆಯ ಕಿಟಕಿ ಮುಚ್ಚುವಷ್ಟು ಸೂಕ್ಷ್ಮದವಳು! ಕೇಕಿನ ವಿಷಯ ಮಾತ್ರ ತಲೆಗೆ ಬರಲಿಲ್ಲ. ಹನ್ನೊಂದು ವರ್ಷ ಅವರು ಒಂದು ಮಾತೂ ಆಡದೆ ನಕ್ಕು ತೆಗೆದುಕೊಂಡರು. ನಾನೂ ಕೇಳಲಿಲ್ಲ. ಹಾಗಿರುವಾಗ ನಿನ್ನೆಯ ಭಾಷಣಕಾರರನ್ನು ಬೈಯುವ ಯೋಗ್ಯತೆ ನನಗೆಷ್ಟಿದೆಯೋ. ಆದರೂ ಬೈಯುತ್ತೇನೆ.

ಇವತ್ತು ಬೆಳಗ್ಗೆ ಕಿರುಹೊತ್ತಗೆಯನ್ನು ಚೀಲದಲ್ಲಿ ಹಾಕಿಕೊಂಡೇ ಉಮ್ಮನ ಮನೆಗೆ ಹೋದೆ. ನಿಮ್ಮ ಗ್ರಂಥದಲ್ಲಿ ನಮ್ಮ ಮರಿಯಮ್ಮನ ಕಥೆ ಹೇಗಿದೆ ಎಂದು ಕೇಳಿದೆ. ಕುರ್‌ಆನಿನಲ್ಲಿ ಹೆಸರು ಹಿಡಿದು ಹೇಳಿರುವ ಒಬ್ಬಳೇ ಹೆಣ್ಣು ಅವಳು, ಹತ್ತೊಂಬತ್ತನೆಯ ಅಧ್ಯಾಯ ಅವಳ ಹೆಸರಿನಲ್ಲೇ ಇದೆ ಎಂಬುದು ನನಗೆ ಓದಿ ಗೊತ್ತಿತ್ತು. ಉಮ್ಮ ಹೇಳಿದ್ದು ಬೇರೆ. ಮರ್ಯಮ್ ಒಬ್ಬಳೇ ದೂರ ಹೋದಳಂತೆ. ಖರ್ಜೂರದ ಮರದ ಬುಡದಲ್ಲಿ ಹೆರಿಗೆ ನೋವು ಬಂತಂತೆ. 'ಇದಕ್ಕೆ ಮೊದಲೇ ಸತ್ತುಹೋಗಿದ್ದರೆ ಚೆನ್ನಾಗಿತ್ತು' ಎಂದು ಅತ್ತಳಂತೆ. ದುಃಖಿಸಬೇಡ, ಮರವನ್ನು ಅಲುಗಿಸು ಎಂಬ ದನಿ ಕೇಳಿಸಿತಂತೆ, ಹಣ್ಣು ಉದುರಿದವಂತೆ. ಹೇಳುವಾಗ ಉಮ್ಮ ತಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡಿದ್ದರು, ಐದು ಹೆತ್ತವರು. ಇಪ್ಪತ್ತೆರಡು ವರ್ಷ ಇಗರ್ಜಿಯಲ್ಲಿ ದೊತೊರ್ನ್ (ಧರ್ಮಪಾಠ) ಕಲಿಸಿದ್ದೇನೆ, ಮೂರು ಹೆತ್ತಿದ್ದೇನೆ. ಕ್ರಿಸ್ಮಸ್ಸಿನ ಗೋದಲಿಯಲ್ಲಿ ಮೊಣಕಾಲೂರಿ ಕುಳಿತ ಆ ಮಣ್ಣಿನ ಗೊಂಬೆಗೆ ನೋವು ಬಂದಿರಬಹುದು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಆಮೇಲೆ ಉಮ್ಮ ಕೇಳಿದರು: 'ಬೇಸರ ಮಾಡಬೇಡಿ ಟೀಚರ್, ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದೆ. ದೇವರು ಒಬ್ಬನೇ ಎನ್ನುತ್ತೀರಿ, ಮತ್ತೆ ಮೂವರು ಎನ್ನುತ್ತೀರಿ. ಅದು ಹೇಗೆ?'

ಅದು ಕಿರುಹೊತ್ತಗೆಯ ಮೂರನೆಯ ಪ್ರಶ್ನೆ. ಉತ್ತರ ಚೀಲದಲ್ಲೇ ಇತ್ತು. ನಾನು ಬಾಯಿ ತೆರೆದೆ, ತಂದೆ ಎಂದೆ, ಮಗ ಎಂದೆ, ಅಲ್ಲಿಗೆ ತಡವರಿಸಿದೆ. 'ನಿಧಾನವಾಗಿ ಹೇಳಿ, ಅವಸರವಿಲ್ಲ' ಎಂದು ಉಮ್ಮ ಚಹಾಕ್ಕೆ ನೀರಿಡಲು ಒಳಗೆ ಹೋದರು.