ಮೀಸೆಗೆ ಮಣ್ಣಾಗದ ಉದ್ಯಾನ

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ಅಕ್ಷರಶಃ ಜಾರಿಗೆ ತಂದ ಕೀರ್ತಿ ಬೆಂಗಳೂರಿನ ನಮ್ಮ ಬಡಾವಣೆಯ ಉದ್ಯಾನಕ್ಕೆ ಸಲ್ಲಬೇಕು. ಏಕೆಂದರೆ ಅಲ್ಲಿ ಈಗ ಮಣ್ಣೇ ಇಲ್ಲ. ಆರೂವರೆ ಅಡಿ ಎತ್ತರದ ಜಾರುಬಂಡೆ, ಎರಡು ಉಯ್ಯಾಲೆ, ಕೈಬಿಗಿದು ಜೋತಾಡುವ ಕಬ್ಬಿಣದ ಕಮಾನು, ಇವೆಲ್ಲದರ ಕೆಳಗೂ ಕಳೆದ ಬೇಸಿಗೆಯಲ್ಲಿ ಕೆಂಪು ಮತ್ತು ಹಳದಿ ಬಣ್ಣದ ಇಂಟರ್‌ಲಾಕ್ ಕಲ್ಲುಗಳನ್ನು ಕೂದಲು ತೂರದಷ್ಟು ಬಿಗಿಯಾಗಿ ಜೋಡಿಸಲಾಗಿದೆ. ಕಲ್ಲಿನ ದಪ್ಪ 80 ಮಿಲಿಮೀಟರ್. ಮೇಲೆ ಲಾರಿ ಹೋದರೂ ಜಗ್ಗುವುದಿಲ್ಲವೆಂದು ಗುತ್ತಿಗೆದಾರರು ಭರವಸೆ ಕೊಟ್ಟಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಜಾರುಬಂಡೆಯ ಮೇಲಿಂದ ಬರುವುದು ಲಾರಿಯಲ್ಲ, ಐದು ವರ್ಷದ ಮಗು ಎಂಬುದು ಆ ಸಡಗರದಲ್ಲಿ ಯಾರಿಗೂ ಹೊಳೆಯಲಿಲ್ಲ.

ಹಾಗೆಂದು ಚರ್ಚೆಯಿಲ್ಲದೆ ಕಲ್ಲು ಬಂದದ್ದಲ್ಲ. ನಿವಾಸಿಗಳ ಸಂಘದ ಸಭೆಯಲ್ಲಿ ಎರಡು ತಾಸು ವಿಚಾರ ವಿನಿಮಯ ನಡೆಯಿತು. ಮರಳು ಹಾಕಿದರೆ ಬೀದಿಯ ಬೆಕ್ಕುಗಳು ಅದನ್ನು ತಮ್ಮ ನಿತ್ಯಕರ್ಮಕ್ಕೆ ಬಳಸಿಕೊಳ್ಳುತ್ತವೆ ಎಂದರು ಒಬ್ಬರು. ಹೊಳೆ ಮರಳಿನ ಮಾತಿರಲಿ, ಎಂ-ಸ್ಯಾಂಡ್ ಸುರಿದರೂ ಬೆಳಗಾಗುವುದರೊಳಗೆ ಅದು ಯಾರದೋ ಮನೆಯ ಗೋಡೆಗೆ ಗಿಲಾವಾಗಿರುತ್ತದೆ ಎಂದರು ಇನ್ನೊಬ್ಬರು. ಆ ಮಹನೀಯರ ಮನೆಯ ಮೇಲೆ ಆಗ ಮೂರನೆಯ ಮಹಡಿ ಏಳುತ್ತಿತ್ತು. ಮರದ ಚಕ್ಕೆಗೆ ಗೆದ್ದಲು ಹಿಡಿಯುತ್ತದೆ, ತೆಂಗಿನ ನಾರು ಮಳೆಗೆ ಕೊಳೆಯುತ್ತದೆ, ಮಣ್ಣಂತೂ ಮಕ್ಕಳ ಬಟ್ಟೆಯನ್ನೂ ವಾಯುವಿಹಾರಿಗಳ ಬೂಟನ್ನೂ ಒಟ್ಟಿಗೆ ಕೆಡಿಸುತ್ತದೆ ಎಂಬ ತೀರ್ಮಾನಗಳು ಒಂದರ ಹಿಂದೊಂದು ಆದವು. ಬೆಕ್ಕು, ಗೆದ್ದಲು, ಬೂಟು ಹೀಗೆ ಸಕಲರ ಹಿತವನ್ನೂ ಪರಿಗಣಿಸಿದ ಸಭೆಯು ಬೀಳುವ ತಲೆಯ ವಿಷಯ ಕಾರ್ಯಸೂಚಿಯಲ್ಲಿ ಇಲ್ಲದ್ದರಿಂದ ಅದನ್ನು ಕೈಗೆತ್ತಿಕೊಳ್ಳಲಿಲ್ಲ.

ತಲೆಯ ಲೆಕ್ಕ ಹೈಸ್ಕೂಲಿನ ಭೌತಶಾಸ್ತ್ರಕ್ಕಿಂತ ಕಠಿಣವಾದದ್ದಲ್ಲ. 2 ಮೀಟರ್ ಎತ್ತರದಿಂದ ಬಿದ್ದ ದೇಹ ನೆಲ ಮುಟ್ಟುವಾಗ ಗಂಟೆಗೆ ಸುಮಾರು 22 ಕಿಲೋಮೀಟರ್ ವೇಗದಲ್ಲಿರುತ್ತದೆ. ನೆಲವು 10 ಸೆಂಟಿಮೀಟರ್ ಕುಸಿದು ಆ ವೇಗವನ್ನು ಹೀರಿಕೊಂಡರೆ ಆಗುವ ಆಘಾತ ಸರಾಸರಿ ಗುರುತ್ವದ 20 ಪಟ್ಟು. ಒಂದೇ ಸೆಂಟಿಮೀಟರಿನಲ್ಲಿ ತಡೆದು ನಿಲ್ಲಿಸಿದರೆ 200 ಪಟ್ಟು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಕೈಪಿಡಿಯ ಪ್ರಕಾರ 9 ಅಂಗುಲ ಮರದ ಚಕ್ಕೆ 10 ಅಡಿ ಎತ್ತರದಿಂದ ಬೀಳುವವರನ್ನು ಕಾಯುತ್ತದೆ, ಅಷ್ಟೇ ದಪ್ಪದ ಮರಳು 4 ಅಡಿಯವರೆಗೆ ಮಾತ್ರ. ತುಳಿದು ಗಟ್ಟಿಯಾಗುವ ಮಣ್ಣನ್ನೂ ಹುಲ್ಲನ್ನೂ ಅದು ರಕ್ಷಣೆಯೆಂದು ಒಪ್ಪುವುದಿಲ್ಲ. ಕಾಂಕ್ರೀಟನ್ನಂತೂ ಹತ್ತಿರ ಸೇರಿಸುವುದಿಲ್ಲ. ಈ ಮಾಹಿತಿಯನ್ನು ನಾನು ಸಂಬಂಧಪಟ್ಟ ಎಂಜಿನಿಯರ ಮುಂದಿಟ್ಟಾಗ ಅವರು ಕನ್ನಡಕ ತೆಗೆದು, "ಅದೆಲ್ಲ ಅಮೆರಿಕದ ತಲೆಗಳಿಗೆ ಸಾರ್, ನಮ್ಮ ಮಕ್ಕಳು ಗಟ್ಟಿ" ಎಂದು ಸಮಾಧಾನ ಹೇಳಿದರು.

ಅಮೆರಿಕ ಬೇಡವೆಂದಾದರೆ ಮೈಸೂರಿನ ಗರಡಿಮನೆಗಳನ್ನಾದರೂ ನೋಡಬಹುದಿತ್ತು. ಅಲ್ಲಿ ಎಂಬತ್ತು ಕಿಲೋ ತೂಗುವ ಪೈಲ್ವಾನರು ಒಬ್ಬರನ್ನೊಬ್ಬರು ಎತ್ತಿ ಕೆಡಹುವ ಮುನ್ನ ಮಟ್ಟಿಯ ಕೆಮ್ಮಣ್ಣನ್ನು ಗುದ್ದಲಿಯಿಂದ ಅಗೆದು, ಹೆಂಟೆ ಒಡೆದು, ಎಣ್ಣೆ ಮತ್ತು ಅರಿಸಿನ ಬೆರೆಸಿ ಹದ ಮಾಡುತ್ತಾರೆ. ಕಲ್ಲಿನಂಥ ಮೈಯವರಿಗೆ ಬೆಣ್ಣೆಯಂಥ ನೆಲ, ಬೆಣ್ಣೆಯಂಥ ಮೈಯವರಿಗೆ ಕಲ್ಲಿನ ನೆಲ ಎಂಬುದು ಯಾವ ನ್ಯಾಯವೋ ತಿಳಿಯದು. ಆದರೆ ಹದ ಮಾಡುವ ಕೆಲಸದಲ್ಲೊಂದು ದೊಡ್ಡ ಕೊರತೆಯಿದೆ: ಅದಕ್ಕೆ ಬಿಲ್ ಆಗುವುದಿಲ್ಲ. ಕಲ್ಲನ್ನಾದರೆ ಚದರ ಮೀಟರಿನ ಲೆಕ್ಕದಲ್ಲಿ ಅಳತೆ ಪುಸ್ತಕಕ್ಕೆ ಏರಿಸಬಹುದು, ಮೂರು ವರ್ಷದ ನಂತರ ಕಿತ್ತು ಮತ್ತೆ ಹಾಕಿಸಬಹುದು, ಗ್ರಾನೈಟ್ ಫಲಕದ ಪರದೆ ಸರಿಸಿ ಲೋಕಾರ್ಪಣೆ ಮಾಡಬಹುದು. ಉಯ್ಯಾಲೆಯ ಕೆಳಗೆ ಮಕ್ಕಳ ಕಾಲು ತಾಗಿ ಚದುರಿದ ಮರಳನ್ನು ದಿನವೂ ಎಳೆದು ಸಮಮಾಡುವ ಮಾಲಿಯನ್ನು ಉದ್ಘಾಟಿಸಲು ಯಾವ ಗಣ್ಯರು ಬಂದಾರು?

ಪಕ್ಕದ ಬಡಾವಣೆಯವರು ನಮಗಿಂತ ಮುಂದುವರಿದವರು. ಅವರು ಕಾಂಕ್ರೀಟಿನ ಮೇಲೆ ಕೃತಕ ಹುಲ್ಲು ಹಾಸಿದ್ದಾರೆ, ಅಡಿಯಲ್ಲಿ ಮೆತ್ತೆಯ ಪದರವಿಲ್ಲ. ಆದ್ದರಿಂದ ಅಲ್ಲಿ ಮಗು ಬಿದ್ದರೂ ಫೋಟೊದಲ್ಲಿ ಹಸಿರಾಗಿ ಕಾಣುತ್ತದೆ. ಮಾರ್ಚ್ ತಿಂಗಳ ಮಧ್ಯಾಹ್ನ ಆ ಹುಲ್ಲಿನ ಮೇಲೆ ಬರಿಗಾಲು ಇಡಲಾಗದು.

ನಮ್ಮ ಉದ್ಯಾನಕ್ಕೆ ಮರಳು ಬರಲೇ ಇಲ್ಲವೆಂದರೆ ಅನ್ಯಾಯವಾದೀತು. ಎರಡು ಲೋಡ್ ಬಂದಿತ್ತು. ಕಲ್ಲುಗಳು ಅಲುಗಾಡದೆ ಸುಖವಾಗಿ ಕೂರಲಿ, ಅವುಗಳ ಬೆನ್ನಿಗೆ ಒತ್ತಾಗದಿರಲಿ ಎಂದು ಅವುಗಳ ಅಡಿಗೆ ಎರಡು ಅಂಗುಲ ದಪ್ಪ ಹಾಸಲಾಯಿತು. ಉಳಿದದ್ದು ಮೂಲೆಯಲ್ಲಿ ರಾಶಿ ಬಿದ್ದಿತು. ಈಗ ಸಂಜೆಯ ಹೊತ್ತು ಜಾರುಬಂಡೆ ಖಾಲಿ ಹೊಡೆಯುತ್ತಿರುತ್ತದೆ. ಮಕ್ಕಳೆಲ್ಲ ಮೂಲೆಯ ಮೋಟುಗೋಡೆ ಹತ್ತಿ ಆ ರಾಶಿಯ ಮೇಲೆ ಧುಮುಕಿ, ಕೇಕೆ ಹಾಕಿ, ಮತ್ತೆ ಗೋಡೆ ಹತ್ತುತ್ತವೆ. ಇದು ಅತ್ಯಂತ ಅಪಾಯಕಾರಿಯೆಂದು ಮನಗಂಡ ಸಂಘವು ಮರಳನ್ನು ಕೂಡಲೇ ತೆರವುಗೊಳಿಸಬೇಕೆಂದು ಸರ್ವಾನುಮತದಿಂದ ನಿರ್ಣಯಿಸಿದೆ. ಸಾಗಣೆಯ ಖರ್ಚನ್ನು ಮೂರನೆಯ ಮಹಡಿಯ ಮಹನೀಯರು ತಾವೇ ಭರಿಸುವುದಾಗಿ ಒಪ್ಪಿಕೊಂಡಿದ್ದಾರೆ.