ಹಿಂದಿನ ಸೀಟಿನಿಂದ ನೋಡಿದರೆ

ನನ್ನ ಕಾರು ಒಂದು ಕಾಲದಲ್ಲಿ ರಸ್ತೆ ಉಬ್ಬುಗಳನ್ನು ನೇರವಾಗಿ ದಾಟುತ್ತಿರಲಿಲ್ಲ. ಏಡಿಯ ಹಾಗೆ ಓರೆಯಾಗಿ ಹೋಗಬೇಕಿತ್ತು. ಮೊದಲು ಒಂದು ಮುಂಚಕ್ರ, ಉಸಿರು ಹಿಡಿದು ಇನ್ನೊಂದು, ಆಮೇಲೆ ಹಿಂದಿನವು ಒಂದೊಂದಾಗಿ. ಬೆನ್ನ ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಅವರ ತಪ್ಪೇನೂ ಇಲ್ಲ, 180 ಅಶ್ವಶಕ್ತಿಯ ಕಾರೊಂದು ಸೈಕಲ್ಲಿಗಿಂತ ನಿಧಾನವಾಗಿ ಉಬ್ಬು ಹತ್ತುತ್ತಿದ್ದರೆ ಯಾರಿಗಾದರೂ ರೇಗುತ್ತದೆ. ಹಿಂದಿನ ಸೀಟಿನಲ್ಲಿ ಆರು ವರ್ಷದ ಮಗಳು ಕಿವಿಗೊಟ್ಟು ಕುಳಿತಿರುತ್ತಿದ್ದಳು. ಕಾರಿನ ಹೊಟ್ಟೆ ಡಾಂಬರಿಗೆ ಉಜ್ಜಿ ಕರಕರ ಎಂದ ಕೂಡಲೇ, "ಅಪ್ಪಾ, ಇವತ್ತಿಗೆ ಇದು ಮೂರನೆಯದು" ಎಂದು ಲೆಕ್ಕ ಒಪ್ಪಿಸುತ್ತಿದ್ದಳು. ನಾನು ಹಲ್ಲು ಕಚ್ಚುತ್ತಿದ್ದೆ. ಹೆಂಡತಿ ಕಿಟಕಿಯ ಹೊರಗೆ ನೋಡುತ್ತಿದ್ದಳು, ಅಲ್ಲಿ ನೋಡುವಂಥದ್ದು ಏನೂ ಇಲ್ಲದಿದ್ದಾಗಲೂ.

ಮನೆಮಂದಿಯೆಲ್ಲ ಓಡಾಡುವ ಕಾರನ್ನು ಮಾರ್ಪಡಿಸಿಕೊಂಡು ನಾಲ್ಕು ವರ್ಷವಾಯಿತು. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ 1.4 ಲೀಟರ್ ಪೆಟ್ರೋಲ್ ಎಂಜಿನ್, ಐದು ಬಾಗಿಲು, ಮಗುವಿನ ಸೀಟು ಬಿಗಿಯಲು ಕೊಂಡಿ, ನಾಲ್ಕು ಸೂಟ್‌ಕೇಸ್ ಹಿಡಿಸುವ ಡಿಕ್ಕಿ. ನೋಡಿದವರು ತಿರುಗಿ ನೋಡದ ಕಾರು. ಅದಕ್ಕೆ ರೀಮ್ಯಾಪ್, ಆ ಗಾಳಿಯನ್ನು ತಣಿಸುವ ದೊಡ್ಡ ಇಂಟರ್‌ಕೂಲರ್, ಅಗಲವಾದ ಸೈಲೆನ್ಸರ್, ಗಿಡ್ಡ ಸ್ಪ್ರಿಂಗು, 18 ಇಂಚಿನ ಚಕ್ರ, ಗಡುಸಾದ ಕ್ಲಚ್, ಎಲ್ಲವನ್ನೂ ಒಂದೊಂದಾಗಿ ಹಾಕಿಸಿದೆ. ಅವುಗಳಲ್ಲಿ ಅರ್ಧದಷ್ಟನ್ನು ಒಂದೊಂದಾಗಿ ಬಿಚ್ಚಿಸಿಯೂ ಆಗಿದೆ. ಇಂಥ ಕಾರಿನಲ್ಲಿ ಲಾಭವೆಲ್ಲ ಸ್ಟೀರಿಂಗ್ ಹಿಡಿದವನಿಗೆ, ಖರ್ಚೆಲ್ಲ ಉಳಿದವರ ಲೆಕ್ಕಕ್ಕೆ. ಇದು ನನಗೆ ಅರ್ಥವಾಗುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು.

ಮೊದಲು ಮಾಡಿಸಿದ್ದು ರೀಮ್ಯಾಪ್. ಎಂಜಿನ್ನನ್ನು ಆಳುವ ಕಂಪ್ಯೂಟರಿನಲ್ಲಿ ಟರ್ಬೊ ಎಷ್ಟು ಒತ್ತಡ ಕಟ್ಟಬೇಕು, ಪೆಟ್ರೋಲ್ ಎಷ್ಟು ಚಿಮ್ಮಬೇಕು, ಕಿಡಿ ಯಾವ ಕ್ಷಣದಲ್ಲಿ ಹಾರಬೇಕು ಎಂಬ ಕೋಷ್ಟಕಗಳಿರುತ್ತವೆ. ಅವನ್ನು ತಿದ್ದಿದರೆ ಒಂದು ಬೋಲ್ಟನ್ನೂ ಸಡಿಲಿಸದೆ 140 ಅಶ್ವಶಕ್ತಿ 180 ಆಗುತ್ತದೆ, 250 ನ್ಯೂಟನ್ ಮೀಟರಿನ ಟಾರ್ಕ್, ಎಂದರೆ ತಿರುಗಿಸುವ ಬಲ, 320ಕ್ಕೆ ಏರುತ್ತದೆ. ಹಾಗಾದರೆ ಕಾರು ಮಾಡಿದವರು ದಡ್ಡರೇ, ಅವರೇ ಏಕೆ ಇಷ್ಟನ್ನು ಕೊಡಲಿಲ್ಲ ಎಂದು ಕೇಳುವವರಿದ್ದಾರೆ. ದಡ್ಡರಲ್ಲ. ಅದೇ ಎಂಜಿನ್ ಸುಡುಬಿಸಿಲಿನಲ್ಲೂ ಓಡಬೇಕು, ಹಿಮ ಬೀಳುವಲ್ಲೂ ಓಡಬೇಕು, ಕಳಪೆ ಪೆಟ್ರೋಲ್ ಕುಡಿದೂ ಓಡಬೇಕು, ಆಯಿಲ್ ಬದಲಿಸುವುದನ್ನೇ ಮರೆಯುವವನ ಕೈಯಲ್ಲೂ ವಾರಂಟಿ ಮುಗಿಯುವ ತನಕ ಬಾಳಬೇಕು. ಆ ಎಲ್ಲದಕ್ಕೂ ಎಂದು ಅವರು ತೆಗೆದಿಟ್ಟ ಗಂಟಿಗೆ ನಾವು ಕೈ ಹಾಕುತ್ತೇವೆ. ಕೈ ಹಾಕಿದ ಮೇಲೆ ಆಯಿಲ್ ಮರೆಯುವವನಾಗಿ ಉಳಿಯುವಂತಿಲ್ಲ. ನಾನಂತೂ ಕಂಪನಿ ಹೇಳಿದ ಅರ್ಧ ದೂರಕ್ಕೇ ಆಯಿಲ್ ಬದಲಿಸುತ್ತೇನೆ, ಬೇಗ ತಾನಾಗಿ ಹೊತ್ತಿಕೊಳ್ಳದ, ಹೆಚ್ಚು ಆಕ್ಟೇನಿನ ಪೆಟ್ರೋಲನ್ನೇ ಹಾಕಿಸುತ್ತೇನೆ.

ರೀಮ್ಯಾಪಿನ ಸುಖವನ್ನು ಮಾತ್ರ ನಾನು ಅಲ್ಲಗಳೆಯಲಾರೆ. ಐದು ಜನ, ತುಂಬಿದ ಡಿಕ್ಕಿ, ಏರುರಸ್ತೆ, ಮುಂದೆ ಹೊಗೆಯುಗುಳುವ ಲಾರಿ. ಮೊದಲಾದರೆ ಗೇರ್ ಇಳಿಸಿ, ಎಂಜಿನ್ ಕಿರುಚಿಸಿ, ದೇವರನ್ನು ನೆನೆದು ಹೋಗಬೇಕಿತ್ತು. ಈಗ ಪಾದವನ್ನು ಅರ್ಧ ಇಂಚು ಒತ್ತಿದರೆ ಸಾಕು, ಒಳಗೆ ಕುಳಿತವರ ಮಾತು ಕೂಡ ತುಂಡಾಗುವುದಿಲ್ಲ. ಎದುರು ಲೇನಿನಲ್ಲಿ ಇರಬೇಕಾದ ಸೆಕೆಂಡುಗಳು ಕಡಿಮೆಯಾಗುತ್ತವೆ. ಹಿಂದಿನ ಸೀಟಿನವರಿಗೂ ಪಾಲು ಸಿಗುವ ಲಾಭವೆಂದರೆ ಇದೊಂದೇ ಇರಬೇಕು.

ಆದರೆ ಕಾರನ್ನು ನಾನೊಬ್ಬನೇ ಓಡಿಸುವುದಿಲ್ಲವಲ್ಲ. ಅಪ್ಪನೂ ಓಡಿಸುತ್ತಾರೆ. ಗೇರನ್ನು ಬೇಗ ಏರಿಸಿದಷ್ಟೂ ಪೆಟ್ರೋಲ್ ಉಳಿಯುತ್ತದೆ ಎಂಬುದು ಅವರು ನಲವತ್ತು ವರ್ಷದಿಂದ ನಂಬಿ ನಡೆದ ದಾರಿ. ಗಂಟೆಗೆ 40 ಕಿಲೋಮೀಟರ್ ಆದರೆ ಸಾಕು, ಐದನೆಯ ಗೇರ್. ಒಂದು ದಿನ ಪಕ್ಕದಲ್ಲಿ ಕುಳಿತಿದ್ದೆ. ಏರು ಬಂತು. ಅಪ್ಪ ಗೇರ್ ಇಳಿಸಲಿಲ್ಲ, ಆಕ್ಸಲರೇಟರನ್ನು ಪೂರ್ತಿ ಒತ್ತಿದರು. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು (ಆರ್‌ಪಿಎಂ) ತಿರುಗುತ್ತದೆಂದು ತೋರಿಸುವ ಮುಳ್ಳು 1400ರ ಹತ್ತಿರ ನಡುಗುತ್ತಿತ್ತು. ಆಗ ಕೇಳಿಸಿತು, ತಗಡಿನ ಡಬ್ಬದಲ್ಲಿ ನಾಲ್ಕು ಕಲ್ಲು ಹಾಕಿ ಅಲ್ಲಾಡಿಸಿದಂಥ ಸದ್ದು. ನನ್ನ ಎದೆ ಧಸಕ್ಕೆಂದಿತು. ಸಿಲಿಂಡರಿಗೆ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಸಣ್ಣ ಟರ್ಬೊ ಎಂಜಿನ್ನುಗಳಿಗೆ ಇದೊಂದು ಹುಟ್ಟುಗುಣ: ಕಡಿಮೆ ವೇಗದಲ್ಲಿ ತಿರುಗುತ್ತಿರುವಾಗ ಹೆಚ್ಚು ಭಾರ ಹೊರಿಸಿದರೆ ಮಿಶ್ರಣ ಕಿಡಿಗೂ ಮೊದಲೇ ತಾನಾಗಿ ಹೊತ್ತಿಕೊಳ್ಳಬಹುದು, ಅದು ಜೋರಾದರೆ ಪಿಸ್ಟನ್ನೇ ಸೀಳುತ್ತದೆ. ಇದನ್ನು ತಡೆಯಲು ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐಯಿಂದ 2018ರಲ್ಲಿ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ಎಂಬ ಆಯಿಲ್ ಗುಣಮಟ್ಟಗಳು ಬಂದವು. ರೀಮ್ಯಾಪ್ ಆದ ಎಂಜಿನ್ನಿನಲ್ಲಿ ಒತ್ತಡ ಇನ್ನೂ ಹೆಚ್ಚು, ಅಪಾಯವೂ ಹೆಚ್ಚು.

"ಅಪ್ಪಾ, ಎರಡು ಗೇರ್ ಇಳಿಸಿ" ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಎಂದೆ ಎಂದು ಕಾಣುತ್ತದೆ. ಅವರು ಮಾತಾಡಲಿಲ್ಲ. ಏರು ಮುಗಿದ ಮೇಲೆ ಕಾರನ್ನು ಬದಿಗೆ ನಿಲ್ಲಿಸಿದರು, ಬೀಗದ ಕೈಯನ್ನು ನನ್ನ ಮುಂದೆ ಹಿಡಿದರು. "ನಿನ್ನ ಕಾರು. ನೀನೇ ಓಡಿಸಪ್ಪ."

ಎರಡು ತಿಂಗಳು ಅವರು ಸ್ಟೀರಿಂಗ್ ಮುಟ್ಟಲಿಲ್ಲ. ಕೊನೆಗೆ ನಾನು ರೀಮ್ಯಾಪ್ ಮಾಡಿಕೊಟ್ಟ ಟ್ಯೂನರ್ ಬಳಿ ಹೋಗಿ, 2000 ಆರ್‌ಪಿಎಮ್ಮಿಗಿಂತ ಕೆಳಗೆ ಟಾರ್ಕನ್ನು ಮೊದಲಿದ್ದಷ್ಟಕ್ಕೇ ಇಳಿಸಿಕೊಡಿ ಎಂದೆ. "ಸರ್, ಮಜಾ ಇರುವುದೇ ಅಲ್ಲಿ" ಎಂದ. ನಿಜ. ಬೆನ್ನಿಗೆ ಯಾರೋ ಕೈಯಿಟ್ಟು ತಳ್ಳಿದ ಹಾಗಿದ್ದ ಆ ಮೊದಲ ನೂಕು ಹೋಯಿತು. ಅಪ್ಪ ಈಗ ಮತ್ತೆ ಐದನೆಯ ಗೇರಿನಲ್ಲಿ ಏರು ಹತ್ತುತ್ತಾರೆ, ಎಂಜಿನ್ ತೆಪ್ಪಗೆ ತೆವಳುತ್ತದೆ. ಸಂಖ್ಯೆಗಳ ಹಾಳೆ ಹಿಡಿದು ಹೋಲಿಸುವವರು ಇದನ್ನು ನಷ್ಟ ಎನ್ನುತ್ತಾರೆ. ಅನ್ನಲಿ.

ಕ್ಲಚ್ಚಿನ ಕಥೆ ಚಿಕ್ಕದು. ಹೆಚ್ಚಾದ ಟಾರ್ಕನ್ನು ಹಳೆಯ ಕ್ಲಚ್ ಹಿಡಿಯಲಾರದೆ ಜಾರತೊಡಗಿತು. ಆರ್‌ಪಿಎಂ ಮುಳ್ಳು ಏರುತ್ತದೆ, ಕಾರು ಏರುವುದಿಲ್ಲ, ಒಳಗೆಲ್ಲ ಸುಟ್ಟ ವಾಸನೆ. ಗಡುಸಾದ ಕ್ಲಚ್ ಹಾಕಿಸಿದೆ. ಮುಂದಿನ ವಾರ ಒಂದು ಗಂಟೆಯ ದಟ್ಟಣೆಯಲ್ಲಿ ಸಿಕ್ಕಿಕೊಂಡು ಮನೆಗೆ ಬಂದ ಹೆಂಡತಿ ಸೋಫಾದ ಮೇಲೆ ಕಾಲು ಚಾಚಿ ಕುಳಿತು, "ನಿಮ್ಮ ಕಾರು ನನ್ನ ಎಡಗಾಲಿಗೆ ಮಾತ್ರ ವ್ಯಾಯಾಮ ಮಾಡಿಸುತ್ತದೆ. ಬಲಗಾಲಿಗೂ ಏನಾದರೂ ಹಾಕಿಸಿ" ಎಂದಳು. ಅದನ್ನೂ ಬದಲಿಸಿ, ತುಸು ಮೆತ್ತಗಿನದನ್ನು ಹಾಕಿಸಿದೆ. ಒಂದೇ ಕೆಲಸಕ್ಕೆ ಎರಡು ಬಾರಿ ಗೇರ್‌ಬಾಕ್ಸ್ ಇಳಿಸಿದ ಮೆಕ್ಯಾನಿಕ್ ನನ್ನನ್ನು ಕಂಡರೆ ಈಗಲೂ ನಗುತ್ತಾನೆ.

ಸೈಲೆನ್ಸರ್ ವಿಷಯಕ್ಕೆ ಬರುತ್ತೇನೆ. ನನಗೆ ನಿಜವಾಗಿ ನಾಚಿಕೆಯಾದದ್ದು ಅಲ್ಲಿ.

ಅಗಲವಾದ ಸೈಲೆನ್ಸರ್ ಹಾಕಿಸಿದಾಗ ಅದರ ಸದ್ದು ನನಗೆ ದೂರದ ಗುಡುಗಿನ ಹಾಗೆ ಹಿತವಾಗಿತ್ತು. ಬೆಳಗಿನ ಜಾವ ಕಾರು ಶುರುಮಾಡಿದರೆ ಬೀದಿಯೇ ಎದ್ದು ಕೂರುತ್ತಿತ್ತು ಎಂಬುದು ಬೇರೆ ಮಾತು. ತಣ್ಣಗಿರುವ ಎಂಜಿನ್ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಬೇಗ ಕಾಯಿಸಬೇಕು. ಅದಕ್ಕಾಗಿ ಕಿಡಿಯನ್ನು ತಡವಾಗಿ ಹಾರಿಸುತ್ತದೆ, ವೇಗವಾಗಿ ತಿರುಗುತ್ತದೆ. ಹಾಗಾಗಿ ಜಗತ್ತು ಮಲಗಿರುವ ಹೊತ್ತಿನಲ್ಲೇ ಕಾರಿನ ಗಂಟಲು ದೊಡ್ಡದಾಗುವುದು. ಪಕ್ಕದ ಮನೆಯವರು ಒಮ್ಮೆ ತುಂಬ ಸೌಜನ್ಯದಿಂದ, "ನಿಮ್ಮ ಕಾರಿನ ಸೈಲೆನ್ಸರ್ ತೂತಾದಂತಿದೆ, ನೋಡಿಸಿಕೊಳ್ಳಿ" ಎಂದರು. ನಾನು ಅದಕ್ಕಾಗಿ ಎಷ್ಟು ಸುರಿದಿದ್ದೇನೆಂದು ಹೇಳುವ ಧೈರ್ಯವಾಗಲಿಲ್ಲ.

ಆಮೇಲೆ ನನ್ನ ಪಾದ ಉಳುಕಿತು. ಹೆಂಡತಿ ಓಡಿಸಿದಳು, ಮುಂದೆ ಅತ್ತೆ ಕುಳಿತರು, ನಾನು ಮಗಳ ಪಕ್ಕ ಹಿಂದೆ. ಇಷ್ಟು ವರ್ಷದಲ್ಲಿ ಆ ಸೀಟಿನಲ್ಲಿ ನಾನು ಕುಳಿತದ್ದು ಅದೇ ಮೊದಲು. ಹೆದ್ದಾರಿಗೆ ಬಂದು ವೇಗ ಒಂದೇ ಹದಕ್ಕೆ ನಿಂತಿತು, ಎಂಜಿನ್ 2400 ಆರ್‌ಪಿಎಂ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಬಾರಿ ಉರಿಯುತ್ತದೆ, ಎಂದರೆ ಸೆಕೆಂಡಿಗೆ 80 ಬಡಿತ. ಆ 80ರ ಗುಂಯ್ ಎನ್ನುವ ಸದ್ದು ಮುಚ್ಚಿದ ಕಾರನ್ನು ನಗಾರಿ ಮಾಡಿಕೊಳ್ಳುತ್ತದೆ. ಮುಂದೆ ಗುಡುಗಿನಂತೆ ಕೇಳುತ್ತಿದ್ದದ್ದು ಹಿಂದೆ ಸದ್ದೇ ಆಗಿರಲಿಲ್ಲ, ಕಣ್ಣಿನ ಹಿಂದೆ ಕೂತ ಭಾರವಾಗಿತ್ತು. ಹತ್ತು ನಿಮಿಷಕ್ಕೆ ತಲೆ ಸಿಡಿಯತೊಡಗಿತು.

"ಇಲ್ಲಿ ಯಾವಾಗಲೂ ಹೀಗೇನಾ?" ಎಂದು ಮಗಳನ್ನು ಕೇಳಿದೆ.

"ಹೂಂ. ಕಿಟಕಿಗೆ ಹಣೆ ಇಟ್ಟರೆ ಹಲ್ಲು ನಡುಗುತ್ತದೆ, ನೋಡಪ್ಪಾ" ಎಂದು ಉತ್ಸಾಹದಿಂದ ತೋರಿಸಿದಳು. ನಾನೂ ಹಣೆ ಇಟ್ಟೆ. ಹಲ್ಲು ನಡುಗಿತು. ಅವಳು ಅದನ್ನು ಆಟ ಮಾಡಿಕೊಂಡಿದ್ದಳು; ಒಂದು ದಿನವೂ ದೂರಿರಲಿಲ್ಲ. ಕಾರೆಂದರೆ ಹೀಗೇ ಇರುತ್ತದೆ ಎಂದುಕೊಂಡಿದ್ದಳು.

ಮುಂದಿನ ವಾರವೇ ಹಳೆಯ ಸೈಲೆನ್ಸರ್ ಮರಳಿ ಹಾಕಿಸಿದೆ. ಅಶ್ವಶಕ್ತಿಯಲ್ಲಿ ನಾಲ್ಕೈದು ಹೋಗಿರಬಹುದು. ಇಷ್ಟು ವರ್ಷ ಗದ್ದಲವನ್ನೇ ವೇಗ ಎಂದುಕೊಂಡಿದ್ದೆ.

ಸ್ಪ್ರಿಂಗುಗಳದೂ ಅದೇ ಹಣೆಬರಹ. ಕಾರನ್ನು 35 ಮಿಲಿಮೀಟರ್ ತಗ್ಗಿಸಿದರೆ ಫೋಟೋದಲ್ಲಿ ಚೆಂದ. ಐವರು ಕುಳಿತು ಸಾಮಾನು ತುಂಬಿದ ಮೇಲೆ ಸ್ಪ್ರಿಂಗಿಗೆ ಆಡಲು ಜಾಗವೇ ಉಳಿಯುವುದಿಲ್ಲ, ಪ್ರತಿ ಗುಂಡಿಗೂ ಕೆಳಗಿನ ರಬ್ಬರ್ ಅಡೆಯ ಮೇಲೆ ಕುಕ್ಕರಿಸುತ್ತದೆ. ಚಕ್ರಗಳು ಒಳಕ್ಕೆ ವಾಲಿದ್ದರಿಂದ ಟೈರಿನ ಒಳ ಅಂಚು ಸದ್ದಿಲ್ಲದೆ ಸವೆಯುತ್ತಿತ್ತು. ಹೊರಗಿನಿಂದ ಹೊಸದರಂತಿದ್ದ ಟೈರನ್ನು ಕಳಚಿ ತಿರುಗಿಸಿದಾಗ ಒಳಗಡೆ ತಂತಿ ಇಣುಕುತ್ತಿತ್ತು. ಆ ಟೈರಿನ ಮೇಲೆ ಮಗಳನ್ನು ದಿನಾ ಶಾಲೆಗೆ ಬಿಟ್ಟು ಬಂದಿದ್ದೆ. ಈಗ ಮೂಲ ಎತ್ತರದ ಸ್ಪ್ರಿಂಗು, ಒಳ್ಳೆಯ ಶಾಕ್ ಅಬ್ಸಾರ್ಬರ್, 16 ಇಂಚಿನ ಚಕ್ರ, ದಪ್ಪ ಟೈರು. ಕೆಟ್ಟ ರಸ್ತೆಯಲ್ಲಿ ಕಾರು ಮೊದಲಿಗಿಂತ ವೇಗವಾಗಿಯೇ ಹೋಗುತ್ತದೆ, ಏಕೆಂದರೆ ಟೈರು ಈಗ ನೆಲಕ್ಕೆ ಅಂಟಿಕೊಂಡಿರುತ್ತದೆ.

ಬ್ರೇಕಿನ ವಿಷಯ ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ಇಲ್ಲಿ ಹೇಳುತ್ತಿದ್ದೇನೆ. ವೇಗ 100ರಿಂದ 140ಕ್ಕೆ ಏರಿದರೆ ನಿಲ್ಲಿಸಬೇಕಾದ ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇದು ಶಾಲೆಯ ಪಾಠ. ಎಂಜಿನ್ನಿಗೆ ಹಣ ಸುರಿದವನು ನಾನು, ಬ್ರೇಕನ್ನು ಇದ್ದ ಹಾಗೇ ಬಿಟ್ಟಿದ್ದೆ. ಬೆಟ್ಟದಿಂದ ಇಳಿಯುವಾಗ, ಕಾರು ತುಂಬಿತ್ತು, ಒಂದು ತಿರುವಿನಲ್ಲಿ ಪೆಡಲ್ ಹಿಟ್ಟಿನ ಮುದ್ದೆಯ ಹಾಗೆ ಮೆತ್ತಗಾಗಿ ಒಳಕ್ಕೆ ಹೋಯಿತು. ಎರಡನೆಯ ಬಾರಿ ಒತ್ತಿದಾಗ ಹಿಡಿಯಿತು. ಡಾಟ್ 4 ಎಂಬ ದರ್ಜೆಯ ಬ್ರೇಕ್ ದ್ರವ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದೆ ತಡೆಯಬೇಕು. ಅದು ಗಾಳಿಯ ತೇವ ಹೀರುತ್ತ ಹೋದಂತೆ ಆ ಮಿತಿ 155ರ ತನಕ ಇಳಿಯಬಹುದು. ಕುದಿದರೆ ಆವಿ, ಆವಿ ಕುಗ್ಗುತ್ತದೆ, ಪಾದದ ಒತ್ತಡ ಚಕ್ರಕ್ಕೆ ತಲುಪುವುದಿಲ್ಲ. ನನ್ನದು ಮೂರು ವರ್ಷ ಹಳೆಯ ದ್ರವ. ಕಾರನ್ನು ಬದಿಗೆ ಹಾಕಿ, "ಎಂಜಿನ್ ಸ್ವಲ್ಪ ತಣಿಯಲಿ" ಎಂದು ಸುಳ್ಳು ಹೇಳಿದೆ. ಎಲ್ಲರೂ ಇಳಿದು ಕಣಿವೆಯ ಫೋಟೋ ತೆಗೆದುಕೊಂಡರು. ನನ್ನ ಕೈ ನಡುಗುತ್ತಿದ್ದುದರಿಂದ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಆ ಫೋಟೋಗಳಲ್ಲಿ ನಾನು ಬಹಳ ಗಂಭೀರ ಮನುಷ್ಯನಂತೆ ಕಾಣುತ್ತೇನೆ.

ಅಂದಿನಿಂದ ಡೈನೊ (ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರ) ಹಾಳೆಯ ಚಿತ್ರ ಹಾಕಿ ಮೆರೆಯುವವರನ್ನು ಕಂಡರೆ, ಬ್ರೇಕ್ ದ್ರವ ಬದಲಿಸಿದ್ದು ಯಾವಾಗ ಎಂದು ಕೇಳಬೇಕೆನಿಸುತ್ತದೆ. ಕೇಳಿ ಕೆಲವು ಸ್ನೇಹಿತರನ್ನು ಕಳೆದುಕೊಂಡಿದ್ದೇನೆ ಕೂಡ. ನಾನು ಆಮೇಲೆ ಅತ್ಯುತ್ಸಾಹದಿಂದ ರೇಸಿನ ಬ್ರೇಕ್ ಪ್ಯಾಡ್ ಹಾಕಿಸಿ ಇನ್ನೊಂದು ತಪ್ಪು ಮಾಡಿದೆ. ಅವು ಕಾದ ಮೇಲೆ ಮಾತ್ರ ಕಚ್ಚುತ್ತವೆ; ಬೆಳಗ್ಗೆ ಶಾಲೆಯ ಗೇಟಿನ ಮುಂದೆ ಕಚ್ಚುವುದಿಲ್ಲ, ಕಿರುಚುತ್ತವೆ ಅಷ್ಟೇ. ಈಗಿರುವುದು ದೊಡ್ಡ ಡಿಸ್ಕು, ರಸ್ತೆಗೆಂದೇ ಮಾಡಿದ ಪ್ಯಾಡು, ವರ್ಷಕ್ಕೊಮ್ಮೆ ಹೊಸ ದ್ರವ.

ಇಷ್ಟೆಲ್ಲ ಪಾಡು ಏಕೆ, ವೇಗದ ಕಾರನ್ನೇ ಕೊಳ್ಳಬಹುದಿತ್ತಲ್ಲ ಎನ್ನುತ್ತಾರೆ. ಕುಟುಂಬದ ಕಾರಿಗೆ ವೇಗ ಏಕೆ ಎಂದು ಇನ್ನೊಂದು ಗುಂಪು. ಎರಡನೆಯವರಿಗೆ 1994ರ ಆಡಿ ಆರ್‌ಎಸ್2 ನೆನಪಿಸುತ್ತೇನೆ. ಸಾಮಾನು ಹೊರುವ ಎಸ್ಟೇಟ್ ಕಾರಿಗೆ 2.2 ಲೀಟರಿನ ಐದು ಸಿಲಿಂಡರ್ ಟರ್ಬೊ, 315 ಅಶ್ವಶಕ್ತಿ. ಆದರೆ ಬ್ರೇಕು, ಚಕ್ರ ಎರಡನ್ನೂ ಪೋರ್ಷೆಯಿಂದ ತಂದಿದ್ದರು. ಬರೀ ಎಂಜಿನ್ ಉಬ್ಬಿಸಿ ಕೈತೊಳೆದುಕೊಂಡಿರಲಿಲ್ಲ. ಅದೇ ವರ್ಷ ವೋಲ್ವೊ ತನ್ನ 850 ಎಸ್ಟೇಟನ್ನು ಬ್ರಿಟಿಷ್ ಟೂರಿಂಗ್ ಕಾರ್ ರೇಸಿಗೇ ಇಳಿಸಿತು. ಸಂತೆಗೆ ಹೋಗುವ ಕಾರು ರೇಸಿನ ಸಾಲಿನಲ್ಲಿ ನಿಂತ ಆ ಚಿತ್ರ ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಮೊದಲನೆಯವರಿಗೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ. ಈ ಕಾರಿನಲ್ಲಿ ಮಗಳನ್ನು ಆಸ್ಪತ್ರೆಯಿಂದ ಮನೆಗೆ ತಂದಿದ್ದೇನೆ, ಅದನ್ನು ಮಾರಲು ಮನಸ್ಸಿಲ್ಲ. ಅಷ್ಟೇ.

ವಿಮೆಯವರಿಗೆ ಎಲ್ಲ ಮಾರ್ಪಾಡುಗಳನ್ನೂ ಬರೆದು ತಿಳಿಸಿದ್ದೇನೆ. ಮುಚ್ಚಿಟ್ಟರೆ ಅಪಘಾತದ ದಿನ ಪರಿಹಾರ ಕೈತಪ್ಪಬಹುದು, ಅದರ ಹೊರೆಯೂ ಮನೆಯವರ ತಲೆಗೇ. ಕ್ಯಾಟಲಿಟಿಕ್ ಕನ್ವರ್ಟರ್ ಕೀಳಿಸುವ ಸಲಹೆಗೆ ಮಾತ್ರ ಮೊದಲಿನಿಂದಲೂ ಕಿವಿಗೊಡಲಿಲ್ಲ.

ಈಗ ಕಾರು ಉಬ್ಬುಗಳನ್ನು ನೇರವಾಗಿ ದಾಟುತ್ತದೆ. ಮಗಳಿಗೆ ಎಣಿಸಲು ಏನೂ ಇಲ್ಲ, ನಿದ್ದೆ ಹೋಗುತ್ತಾಳೆ. ಅಗಲವಾದ ಸೈಲೆನ್ಸರ್ ಅಟ್ಟದ ಮೇಲೆ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಟ್ಟಿದೆ. ಧೂಳು ಹೊಡೆಯಲು ಹತ್ತಿದಾಗಲೆಲ್ಲ ಹೆಂಡತಿ, ಇದಿನ್ನೂ ಏಕಿದೆ ಎಂದು ಕೇಳುತ್ತಾಳೆ. ಮಾರಾಟಕ್ಕಿಟ್ಟಿದ್ದೇನೆ ಎಂದು ಹೇಳಿದ್ದೇನೆ. ಜಾಹೀರಾತನ್ನು ಇನ್ನೂ ಬರೆದಿಲ್ಲ.